ಬ್ಲಾಂಶ್ ಹೊಲದ ಬೆರಕೆ ಗಿಡಗಳು

ನಮ್ಮ ಓಜೀತ್ ಅತ್ತೆಯ ಕೈಯಿಂದ ಒಂದು ಬೆರಕೆ ಗಿಡವೂ ತಪ್ಪಿಸಿಕೊಂಡಿದ್ದಿಲ್ಲ. ಸೇಂಟ್ ಜಾನ್ ನದಿಯ ಈ ದಡದಲ್ಲಿ ಬಿತ್ತನೆ ಆಲೂಗಡ್ಡೆ ಬೆಳೆಯುವವರೆಲ್ಲ ಇದಕ್ಕೆ ಸಾಕ್ಷಿ. ಜುಲೈ ಬಂತೆಂದರೆ ಹೆಗಲಿಗೆ ಗೋಣಿಚೀಲ ಹಾಕಿಕೊಂಡು ಸಾಲಿಗೆ ಇಳಿಯುವಳು. ತಳಿಯ ಲಕ್ಷಣ ಬಿಟ್ಟು ಬೇರೆ ಥರ ಕಂಡ ಗಿಡವನ್ನು ಗಡ್ಡೆ ಸಮೇತ ಕಿತ್ತು, ಹೊಲದಾಚೆಯ ಗುಂಡಿಗೆ ಸುರಿದು, ಮೇಲೆ ಸುಣ್ಣ ಹಾಕುವಳು. ಮೂವತ್ತೊಂದು ವರ್ಷ ಇದೇ ಕೆಲಸ. ನಾನು ಅವಳ ತಮ್ಮನ ಮಗಳು, ಪಕ್ಕದ ಸಾಲಿನವಳು. ಒಂದು ಗಿಡ ನನ್ನ ಕಣ್ಣು ತಪ್ಪಿದರೆ ಸಾಕು, "ಪ್ಲೋಯ್ ದೋಸೆ ಮಗುಚಿ ಹಾಕೋಳ ಹಾಗಿದೀಯ" ಎಂದು ಬೈಯುವಳು. ಪ್ಲೋಯನ್ನು ಒಂದೇ ಕಡೆ ಬೇಯಿಸುವ ನಮ್ಮವರಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ.

ಬ್ಲಾಂಶ್ ನಮ್ಮ ಮನೆಯ ತಳಿ. ಅಜ್ಜ ಆರಿಸಿ ಬೆಳೆಸಿ ಅಜ್ಜಿಯ ಹೆಸರಿಟ್ಟದ್ದು. ಎಲೆ ತುಸು ಸುಕ್ಕು, ಗಿಡ ಗಿಡ್ಡ. ಅಜ್ಜಿಯೂ ಹಾಗೇ ಇದ್ದಳು ಎಂದು ಮನೆಯಲ್ಲಿ ನಗುತ್ತಿದ್ದೆವು. ವರ್ಷದಿಂದ ವರ್ಷಕ್ಕೆ ಇಳುವರಿ ಕುಸಿದು, ಹೋದ ವರ್ಷ ಕೃಷಿ ಇಲಾಖೆಯವರು ಇದನ್ನು ಬಿತ್ತನೆ ಪಟ್ಟಿಯಿಂದ ತೆಗೆಯುತ್ತೇವೆ ಎಂದರು. ಅತ್ತೆಗೆ ಊಟ ಸೇರದಾಯಿತು.

ಆಗ ಬಂದವನು ಪ್ರೆಂಟಿಸ್, ಗಿಡಗಳ ವೈರಸ್ಸಿನ ಬೆನ್ನು ಹತ್ತಿದ ಸಂಶೋಧಕ. ಇಳುವರಿ ಕುಸಿಯಲು ವೈರಸ್ಸೇ ಕಾರಣವೆಂದು ಬ್ಲಾಂಶ್ ಗಿಡಗಳನ್ನು ಲ್ಯಾಬಿನಲ್ಲಿ ಬಿಸಿಗೆ ಇಟ್ಟು ಅದನ್ನು ಕಳೆಯುವ ಅವನ ಪ್ರಯತ್ನ ಎರಡು ಸಲ ಕೆಟ್ಟಿತ್ತು. "ಓಜೀತಮ್ಮ, ಅಪರೂಪಕ್ಕೆ ಒಂದೊಂದು ಗಡ್ಡೆಗೆ ವೈರಸ್ ದಾಟಿರಲ್ಲ. ಇಡೀ ಹೊಲದಲ್ಲಿ ವೈರಸ್ ಇಲ್ಲದ ಒಂದೇ ಒಂದು ಗಿಡ ಸಿಕ್ಕಿದ್ರೆ ಸಾಕು, ತಳಿ ಉಳೀತು" ಎಂದ.

ಅವನು ಪರೀಕ್ಷೆಗೆ ಎಲೆ ಕೊಯ್ಯಲು ಬರುವ ಹಿಂದಿನ ದಿನ ಅತ್ತೆ ನನ್ನನ್ನು ಎಳೆದುಕೊಂಡು ಹೊಲಕ್ಕೆ ಹೋದಳು. "ಲ್ಯಾಬಿನವನು ಬರ್ತಾನೆ. ಒಂದ್ ಬೆರಕೆನೂ ಕಾಣಬಾರದು." ಹನ್ನೊಂದು ಗಿಡ ಸಿಕ್ಕವು. ಅದರಲ್ಲಿ ಎರಡು ನಾನು ಕಿತ್ತದ್ದು. ಅತ್ತೆಯಿಂದ ಅಪರೂಪಕ್ಕೆ ಶಹಬ್ಬಾಸ್ ಅನ್ನಿಸಿಕೊಂಡೆ.

ಮುನ್ನೂರ ನಲವತ್ತು ಗಿಡಗಳ ಎಲೆ ಪರೀಕ್ಷೆಯಾಯಿತು. ಮೂರು ವಾರ ಬಿಟ್ಟು ಪ್ರೆಂಟಿಸ್ ನಮ್ಮ ಅಡುಗೆಮನೆಯಲ್ಲಿ ಕೂತು, "ಎಲ್ಲದರಲ್ಲೂ ವೈರಸ್ ಇದೆ. ಆ ಸುಕ್ಕು ತಳಿಯ ಗುಣ ಅಲ್ಲಮ್ಮ, ಕಾಯಿಲೆ" ಎಂದ.

ಅತ್ತೆ ನಕ್ಕಳು. "ನಮ್ಮಪ್ಪನ ಕಾಲದಿಂದ ಹಾಗೇ ಇದೆ ಕಣಪ್ಪ."

"ಹಾಗಾದ್ರೆ ಕಾಯಿಲೆನೂ ಅವರ ಕಾಲದಿಂದ್ಲೇ ಇದೆ. ಚೊಕ್ಕ ಗಿಡದ ಎಲೆ ನಯವಾಗಿ ಅಗಲವಾಗಿ ಇರತ್ತೆ. ಗಿಡ ಎತ್ತರ, ಹೂವೂ ಜಾಸ್ತಿ."

ಕಾಫಿ ಬಗ್ಗಿಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಅವನು ಹೇಳಿದ ಗಿಡ ನಾನು ಕಿತ್ತ ಗಿಡವೇ. ಎಲೆ ನಯ, ಎತ್ತರ, ತಲೆ ತುಂಬ ಹೂವು. ಅತ್ತೆಯ ಮುಖ ಬಿಳಿಚಿತು. ಎದ್ದು ಗುಂಡಿಯತ್ತ ಓಡಿದಳು. ಅರವತ್ತಾರು ವಯಸ್ಸಿನ, ಮಂಡಿನೋವಿನ ಹೆಂಗಸು. ನಾವಿಬ್ಬರೂ ಹಿಂದೆ ಓಡಿದೆವು. ಬರಿಗೈಯಲ್ಲೇ ಸುಣ್ಣ ಕೆದಕಿದಳು. ಕೈಗೆ ಬಂದದ್ದು ಕಪ್ಪು ಲೋಳೆ.

"ಪ್ರತಿ ವರ್ಷ ಹತ್ತೋ ಹನ್ನೆರಡೋ ಸಿಗ್ತಿದ್ವು," ಎಂದಳು. "ಚೊಕ್ಕದನ್ನೇ ಹುಡುಕಿ ಹುಡುಕಿ ಸಾಯಿಸಿದೀನಿ."

ಸಾವಿನ ಮನೆಯಲ್ಲೂ ನಾನು ಹಾಗೆ ದಂಗಾಗಿ ನಿಂತದ್ದಿಲ್ಲ. ಇಷ್ಟು ವರ್ಷ ಇವಳನ್ನು ಹೊಗಳಿದ ನಮಗೆಲ್ಲ ಕಣ್ಣಿತ್ತು, ಪ್ರಯೋಜನವೇನು?

ತಳಿ ಪಟ್ಟಿಯಿಂದ ಹೋಯಿತು. ಈ ವಸಂತದಲ್ಲಿ ಅತ್ತೆ ಉಳಿದ ಎರಡು ಪೀಪಾಯಿ ಗಡ್ಡೆಯನ್ನು ಮನೆಯ ಹಿಂದೆ ನೆಟ್ಟಳು. ಅವೇ ಕೊನೆಯವು. ಜುಲೈ ಬಂದಾಗ ಇಬ್ಬರೂ ಚೀಲವಿಲ್ಲದೆ ಸಾಲಿಗೆ ಇಳಿದೆವು. ಮೊದಲ ಆರು ಸಾಲಿನಲ್ಲಿ ಬರೀ ಸುಕ್ಕು. ಏಳನೆಯದರಲ್ಲಿ ಒಂದು ಗಿಡ ಎತ್ತರಕ್ಕೆ, ನಯವಾದ ಎಲೆ ಬಿಟ್ಟುಕೊಂಡು ನಿಂತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಬಗ್ಗಿ ಅದರ ಬುಡ ಹಿಡಿದಾಗಿತ್ತು. ಸುತ್ತಲಿನ ಮಣ್ಣು ಬಿರುಕು ಬಿಟ್ಟಿತ್ತು.

"ಅತ್ತೆ, ಬಿಡು."

ಅವಳು ತನ್ನ ಕೈಯನ್ನೇ ನೋಡಿದಳು. ಒಂದೊಂದೇ ಬೆರಳು ಬಿಡಿಸಿಕೊಂಡಳು. ಬಿರುಕಿಗೆ ಮಣ್ಣು ಒತ್ತಿ, ನಾಲ್ಕು ಹೆಜ್ಜೆ ಹಿಂದೆ ಸರಿದಳು.

"ಪ್ರೆಂಟಿಸ್‌ಗೆ ಫೋನ್ ಮಾಡು," ಎಂದಳು. "ಅವನು ಬರೋವರೆಗೂ ನೀನು ಇಲ್ಲೇ ನಿಂತಿರು. ನನ್ನನ್ನ ಹತ್ತಿರ ಬಿಡಬೇಡ."