ಹೋಟೆಲಿನ ಚಾದರ, ನಮ್ಮ ಬಿಲ್ಡಿಂಗಿನ ಬಾವಿ

ಗೋರೆಗಾಂವ್‌ನ ಒಂದು ದೊಡ್ಡ ಹೋಟೆಲಿನ ಲಾಂಡ್ರಿ ನನ್ನ ಕೈಯಲ್ಲಿದೆ. ಚಾದರ, ಟವೆಲ್, ದಿಂಬಿನ ಗವಸು, ರೆಸ್ಟೊರಂಟಿನ ಮೇಜುಬಟ್ಟೆ ಎಲ್ಲವೂ ನೆಲಮಾಳಿಗೆಯಲ್ಲಿರುವ ನನ್ನ ಮಶಿನ್‌ಗಳೊಳಗಿಂದಲೇ ಹಾದುಹೋಗಬೇಕು. ಧಾರವಾಡದಿಂದ ಮದುವೆಯಾಗಿ ಬಂದವಳು ನಾನು. ಮೊದಲು ಇಸ್ತ್ರಿ ಮಾಡುವಲ್ಲಿ ನಿಂತೆ, ಆಮೇಲೆ ಸೂಪರ್‌ವೈಸರ್, ಈಗ ಮ್ಯಾನೇಜರ್. ನನ್ನ ಚಾದರಗಳ ಬಿಳುಪಿನ ಬಗ್ಗೆ ನನಗೆ ಮೊದಲಿನಿಂದಲೂ ಹೆಮ್ಮೆ.

ಮನೆ ಬೊರಿವಲಿಯ ಹಳೆಯ ಬಿಲ್ಡಿಂಗೊಂದರಲ್ಲಿ. ಗಂಡ, ನಾನು, ಅತ್ತೆ. ನಲ್ಲಿ ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಬರುತ್ತದೆ. ಉಳಿದ ಬಳಕೆಗೆಲ್ಲ ಹಿಂಬದಿಯ ಬಾವಿ. ಆ ಬಾವಿಯ ಅರ್ಧ ನಮ್ಮ ಕಡೆ, ಅರ್ಧ ಪಕ್ಕದ ಪ್ಲಾಟಿನ ಕಡೆ, ನಡುವೆ ಗೋಡೆ. ಒಂದು ವರ್ಷ ಬೇಸಿಗೆಯಲ್ಲಿ, ಮುಂಬೈಗೆ ನೀರು ಕೊಡುವ ಕೆರೆಗಳು ಇಳಿದು ನಲ್ಲಿಯ ಧಾರೆ ಸಣ್ಣದಾಯಿತು. ಅದೇ ಸಮಯಕ್ಕೆ ಬಾವಿಯಲ್ಲಿ ನಮ್ಮ ಪೈಪಿನ ಬಾಯಿ ನೀರಿಗೆ ಮುಟ್ಟದಷ್ಟು ಮಟ್ಟ ಕೆಳಗೆ ಹೋಯಿತು. ಹೀಗೆ ಹಿಂದೆಂದೂ ಆಗಿರಲಿಲ್ಲ.

ಕಾರಣ ಹುಡುಕಿದವರು ನಮ್ಮ ಅತ್ತೆ. ಪಕ್ಕದ ಪ್ಲಾಟಿನವನು ಪಂಪ್ ಹಚ್ಚಿ ಟ್ಯಾಂಕರ್ ತುಂಬಿಸುತ್ತಿದ್ದದ್ದನ್ನು ಅವರು ಅಡುಗೆಮನೆಯ ಕಿಟಕಿಯಿಂದ ನೋಡಿದ್ದರು. ಟ್ಯಾಂಕರ್ ಡ್ರೈವರ್ ವಿಜಯಪುರ ಕಡೆಯವನು ಅನ್ನುವುದು ಅವನು ಫೋನಿನಲ್ಲಿ ಮಾತಾಡಿದ್ದು ಕೇಳಿಯೇ ಗೊತ್ತಾಗಿತ್ತು. ಕೆಳಗಿಳಿದು ಹೋಗಿ ಅವನ ಊರು, ಮನೆ, ಮಕ್ಕಳ ವಿಚಾರವನ್ನೆಲ್ಲ ಕೇಳಿ, ಕೊನೆಗೆ ನೀರು ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿಕೊಂಡು ಬಂದಿದ್ದರು. ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಹೇಳಿದರು: "ನೋಡವಾ, ಆ ನೀರು ನಿಮ್ಮ ಹೋಟೆಲಿಗೇ ಹೋಗಾಕತ್ತೇತಿ."

ನಾನು ನಂಬಲಿಲ್ಲ. ಮರುದಿನ ಹೋಟೆಲಿನ ಹಿಂದಿನ ಗೇಟಿನಲ್ಲಿ ಕಾದು ನಿಂತೆ. ಬಂದದ್ದು ಅದೇ ಟ್ಯಾಂಕರ್. ಡ್ರೈವರ್ ಸಂಕೋಚವಿಲ್ಲದೆ ಒಪ್ಪಿಕೊಂಡ. ಬೊರಿವಲಿಯ ಬಾವಿಯಲ್ಲಿ ತುಂಬಿಸುವುದು, ಇಲ್ಲಿ ಬಿಡುವುದು, ಅವನಿಗೆ ಅದು ದಿನದ ಕೆಲಸ. ಮನೆಯಲ್ಲಿ ಅತ್ತೆ ಒಂದು ಬಕೆಟ್ ನೀರನ್ನು ಸ್ನಾನಕ್ಕೂ ಬಟ್ಟೆಗೂ ಹಂಚುತ್ತಿದ್ದರು. ಅದೇ ಬಾವಿಯ ನೀರಿನಲ್ಲಿ ನಾನು, ಅತಿಥಿ ಒಂದೇ ರಾತ್ರಿ ಮಲಗಿ ಮುದುರಿಯೂ ಮುದುರದ ಚಾದರಗಳನ್ನು ಒಗೆಯುತ್ತಿದ್ದೆ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ತಕ್ಷಣ ತಿಳಿಯಲಿಲ್ಲ.

ಆ ವಾರವೇ ಒಬ್ಬ ಅತಿಥಿ ಲಾಂಡ್ರಿಗೆ ಇಳಿದು ಬಂದಳು. ಸ್ಪೇನ್ ದೇಶದವಳು, ಕಂಪನಿ ಕೆಲಸಕ್ಕೆಂದು ನಮ್ಮಲ್ಲಿ ಬಹಳ ದಿನಗಳಿಂದ ಉಳಿದಿದ್ದಳು. ಬಳಸಿದ ಟವೆಲನ್ನೇ ಮತ್ತೆ ಬಳಸಲೆಂದು ತಾನು ಒಣಹಾಕಿದರೂ ದಿನಾ ಅದನ್ನು ಒಯ್ದು ಹೊಸದು ಇಡುತ್ತಾರೆ, ದಯವಿಟ್ಟು ನಿಲ್ಲಿಸಿ ಎಂದು ಕೇಳಲು ಬಂದಿದ್ದಳು. ನಾನು ಕುರ್ಚಿ ಕೊಟ್ಟೆ, ಚಹಾ ತರಿಸಿದೆ. ಅವಳ ಊರು ಸಮುದ್ರದ ದಂಡೆಯಲ್ಲಿದೆಯಂತೆ. ಬೇಸಿಗೆ ಬಂತೆಂದರೆ ಊರಿನ ಜನಕ್ಕಿಂತ ಪ್ರವಾಸಿಗರೇ ಹೆಚ್ಚು. ಮಳೆ ಕೈಕೊಟ್ಟ ವರ್ಷ ಮನೆಗಳ ನಲ್ಲಿಗೆ ರಾತ್ರಿ ನೀರು ಬಂದ್ ಮಾಡುತ್ತಿದ್ದರು. ಹೋಟೆಲುಗಳ ಈಜುಕೊಳ ಮಾತ್ರ ತುಂಬಿರುತ್ತಿತ್ತು. ಜನ ಸುಮ್ಮನಿದ್ದರೇ ಎಂದು ಕೇಳಿದೆ. ಬಹಳ ಕಾಲ ಸುಮ್ಮನಿದ್ದರಂತೆ, ಏಕೆಂದರೆ ಮನೆಗೊಬ್ಬರು ಅವೇ ಹೋಟೆಲುಗಳಲ್ಲಿ ಕೆಲಸಕ್ಕಿದ್ದರು. ಅವಳ ತಾಯಿಯೂ ಹಾಸಿಗೆ ಸರಿಮಾಡುವ ಕೆಲಸದವಳೇ. "ನೀರು ಎಲ್ಲಿ ಪೋಲಾಗುತ್ತದೆ ಅಂತ ಅಮ್ಮನಿಗೆ ಗೊತ್ತಿತ್ತು. ಅವಳನ್ನು ಯಾರೂ ಕೇಳಲಿಲ್ಲ," ಎಂದಳು.

ನನ್ನನ್ನೂ ಯಾರೂ ಕೇಳಿರಲಿಲ್ಲ. ಕೇಳುವ ತನಕ ಕಾಯುವ ಸ್ವಭಾವ ನನ್ನದಲ್ಲ. ನೇರವಾಗಿ ಜನರಲ್ ಮ್ಯಾನೇಜರರ ಕೋಣೆಗೆ ಹೋದೆ. ಅತಿಥಿ ಕೇಳಿದರೆ ಮಾತ್ರ ಚಾದರ ಬದಲಿಸೋಣ, ಕೊನೆಯ ಸಲ ಜಾಲಾಡಿದ ನೀರು ತಿಳಿಯಾಗಿಯೇ ಇರುತ್ತದೆ, ಅದನ್ನು ಹಿಡಿದಿಟ್ಟು ಮುಂದಿನ ಲೋಡಿನ ಮೊದಲ ತೊಳೆತಕ್ಕೆ ಬಳಸೋಣ ಎಂದೆ. ದೊಡ್ಡ ಹೋಟೆಲಿನ ಅತಿಥಿಗಳಿಗೆ ಇದು ಹಿಡಿಸುವುದಿಲ್ಲ ಎಂದು ಅವರು ತಲೆಯಾಡಿಸಿದರು. ನಾನು ಪ್ರಯೋಗಕ್ಕೆಂದು ಒಂದೇ ಒಂದು ಮಹಡಿ ಕೇಳಿದೆ. ಒಂದು ಚಾದರ ಮಬ್ಬಾಗಿ ಕಂಡರೂ ಹಳೆಯ ಪದ್ಧತಿಗೇ ಮರಳುತ್ತೇನೆ ಎಂದೆ. ಮಬ್ಬಾಗುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಅವರು ಒಪ್ಪಿದ ಮೇಲೆ ಆ ಮಹಡಿಯ ಕೋಣೆಗಳಿಗೆ ನಾನೇ ಹೋಗಿ ಅತಿಥಿಗಳನ್ನು ಕೇಳಿದೆ. ಹೆಚ್ಚಿನವರು ಎರಡನೇ ಮಾತಿಲ್ಲದೆ ಒಪ್ಪಿದರು. ದಿಲ್ಲಿಯ ಒಬ್ಬ ವ್ಯಾಪಾರಿ ಮಾತ್ರ ಬೇಸರಪಟ್ಟುಕೊಂಡರು. ಅವರ ಚಾದರ ನಾನೇ ಬದಲಿಸಿಕೊಟ್ಟೆ. ಮಳೆಗಾಲ ಹತ್ತಿರವಾಗುವಷ್ಟರಲ್ಲಿ ಇಡೀ ಹೋಟೆಲಿಗೆ ಅದೇ ಪದ್ಧತಿ ಬಂತು, ಲಾಂಡ್ರಿಯ ಮೂಲೆಯಲ್ಲಿ ಜಾಲಾಡಿದ ನೀರಿಗೊಂದು ಟಾಕಿ ಕೂತಿತು, ಹಿಂದಿನ ಗೇಟಿಗೆ ಟ್ಯಾಂಕರ್ ಬರುವುದು ಅಪರೂಪವಾಯಿತು.

ಇಷ್ಟಾದರೂ ನಮ್ಮ ಬಾವಿ ಏರಲಿಲ್ಲ. ಪಂಪ್ ನಿಂತೇ ಇಲ್ಲ, ದಿನಾ ಕಿಟಕಿಯಿಂದಲೇ ಡ್ರೈವರನಿಗೆ ಬೈಯುತ್ತಿದ್ದೇನೆ ಎಂದು ಅತ್ತೆ ಹೇಳಿದರು. ಡ್ರೈವರನ್ನೇ ಕೇಳಿದೆ. ಹೋಟೆಲ್ ಬೇಡವೆಂದ ನೀರನ್ನು ಪ್ಲಾಟಿನವನು ಪವಾಯಿಯ ಒಂದು ಆಫೀಸ್ ಬಿಲ್ಡಿಂಗಿಗೆ ಕಳಿಸುತ್ತಿದ್ದ. ಅಲ್ಲಿ ಎಸಿ ತಣ್ಣಗಾಗಿಸಲು ಆ ನೀರು ಬೇಕಂತೆ. ನನ್ನ ಕೆಲಸ ಅರ್ಧವೇ ಆಗಿದೆ ಎಂದು ಅಂದು ತಿಳಿಯಿತು.

ನಮ್ಮ ಬಿಲ್ಡಿಂಗಿನ ಸೊಸೈಟಿಯ ಮೀಟಿಂಗಿನಲ್ಲಿ ಎದ್ದು ನಿಂತು ಎಲ್ಲ ಹೇಳಿದೆ. ಕೆಳಗಿನ ಮಹಡಿಯ ಮರಾಠಿ ಗೃಹಸ್ಥರೊಬ್ಬರು, ಇಷ್ಟು ದಿನ ಈ ನೀರು ನುಂಗಿದ್ದು ನಿಮ್ಮ ಹೋಟೆಲೇ ಅಲ್ಲವೇ ಎಂದು ಚುಚ್ಚಿದರು. ಹೌದು ಎಂದೆ. ಎಷ್ಟು ನೀರು ನಿಜವಾಗಿ ಬೇಕು, ಎಷ್ಟು ಬರೀ ಅಭ್ಯಾಸ ಅನ್ನುವುದು ಅದಕ್ಕೇ ನನಗೆ ಗೊತ್ತು, ಪಾಲಿಕೆಯ ವಾರ್ಡ್ ಆಫೀಸಿಗೆ ಮಾತಾಡಲು ನಾನೇ ಬರುತ್ತೇನೆ ಎಂದೆ. ಮರುದಿನ ವಾರ್ಡ್ ಆಫೀಸಿಗೆ ಹೊರಟಾಗ ಎಲ್ಲರಿಗಿಂತ ಮೊದಲು ಗೇಟಿನಲ್ಲಿ ನಿಂತಿದ್ದವರು ಆ ಗೃಹಸ್ಥರೇ.

ಕೆಲವು ಸಲ ಓಡಾಡಿದ ಮೇಲೆ ಅಧಿಕಾರಿಯೊಬ್ಬರು ಬಂದು ನೋಡಿದರು. ಪಕ್ಕದವನ ಬಳಿ ನೀರು ಮಾರುವ ಪರವಾನಗಿ ಇರಲಿಲ್ಲ. ಪಂಪಿಗೆ ಬೀಗ ಬಿತ್ತು. ಮಳೆ ಹಿಡಿದ ಮೇಲೆ ಬಾವಿ ತಾನಾಗಿ ಏರಿತು. ಅದರ ಮುಂದಿನ ಬೇಸಿಗೆಯಲ್ಲೂ ನಮ್ಮ ಪೈಪಿನ ಬಾಯಿ ನೀರಿನಿಂದ ಮೇಲೆ ಉಳಿಯಲಿಲ್ಲ.

ಡ್ರೈವರನ ಬಗ್ಗೆ ಒಂದು ಚಿಂತೆ ಉಳಿದಿತ್ತು. ಅವನ ಹೊಟ್ಟೆಯ ಮೇಲೆ ಹೊಡೆದಂತಾಯಿತೇ ಎಂದು ಅತ್ತೆ ಒಂದೆರಡು ಸಲ ಕೇಳಿದ್ದರು. ಮೊನ್ನೆ ಗೋರೆಗಾಂವ್ ಸ್ಟೇಷನ್ ಹೊರಗೆ ಅವನೇ ನನ್ನ ಗುರುತು ಹಿಡಿದು ಟ್ಯಾಂಕರ್ ಬದಿಗೆ ಹಾಕಿದ. ಪವಾಯಿಯ ಆಫೀಸಿನವರು ಈಗ ಬಾವಿ ನೀರು ಬಿಟ್ಟು, ಗಟಾರದ ನೀರು ಶುದ್ಧ ಮಾಡುವ ಪ್ಲಾಂಟಿನಿಂದಲೇ ತರಿಸುತ್ತಾರಂತೆ. ತರುವವನು ಇವನೇ.

"ಜರಾ ವಾಸನಿ ಬರ್ತೈತ್ರಿ ಅಕ್ಕಾರ," ಎಂದ, ನಗುತ್ತ. "ಆದ್ರ ಈಗ ಗಾಡಿ ತುಂಬಸುಮುಂದ ಯಾರೂ ಕಿಟಕ್ಯಾಗಿಂದ ಬೈಯಂಗಿಲ್ರಿ."