ಹುಳ ತೆಗೆಯುವ ಮಾರಕ್ಕ

ಅಟ್ಟೂರಿನಲ್ಲಿ ಮಾರಕ್ಕ ಎಂಬ ಹೆಸರಿನವರು ನಾಲ್ಕೈದು ಜನ ಇದ್ದರು. ಆದರೆ ಯಲಹಂಕದಲ್ಲಿ ಬಸ್ಸಿಳಿದು, ಕೆನ್ನೆಗೆ ಟವಲು ಕಟ್ಟಿಕೊಂಡು, ಮಾತಾಡಲಾರದೆ ಕೈಸನ್ನೆಯಲ್ಲೇ ದಾರಿ ಕೇಳುವವನಿಗೆ ಯಾವ ಮಾರಕ್ಕ ಬೇಕೆಂದು ಯಾರೂ ತಿರುಗಿ ಕೇಳುತ್ತಿರಲಿಲ್ಲ. ಹಲ್ಲಿನ ಹುಳ ತೆಗೆಯುವ ಮಾರಕ್ಕನ ಮನೆಗೆ ನೆಟ್ಟಗೆ ಕೈ ತೋರಿಸುತ್ತಿದ್ದರು. ಗುರುವಾರ, ಭಾನುವಾರ ಬಂತೆಂದರೆ ಅವಳ ಜಗುಲಿಯ ಮುಂದೆ ಊದಿದ ಕೆನ್ನೆಗಳ ಸಾಲೇ ಕೂತಿರುತ್ತಿತ್ತು.

ಹಲ್ಲು ನೋಯುವುದು ಒಳಗೆ ಹುಳ ಸೇರಿ ಕೊರೆಯುವುದರಿಂದ ಎಂದು ಊರಿಗೆ ಊರೇ ನಂಬಿದ್ದ ಕಾಲ ಅದು, ಎಪ್ಪತ್ತರ ಆಚೀಚೆ. ಹುಳ ತೆಗೆಯುವ ವಿದ್ಯೆ ಮಾರಕ್ಕನಿಗೆ ಅವಳ ಅತ್ತೆಯಿಂದ ಬಂದದ್ದು. ಅಗಲವಾದ ತಟ್ಟೆಯ ತುಂಬ ನೀರು, ನೀರಿನ ನಡುವೆ ಒಂದು ಕಲ್ಲು, ಕಲ್ಲಿನ ಮೇಲೆ ಕೆಂಪಗೆ ಕಾಯಿಸಿದ ಗುದ್ದಲಿಯ ತುಂಡು. ಅದರ ಮೇಲೆ ನೆಲಗುಳ್ಳವೆಂಬ ಮುಳ್ಳುಗಿಡದ ಬೀಜವನ್ನು ಎಣ್ಣೆಯಲ್ಲಿ ಕಲಸಿ ಉದುರಿಸಿದರೆ ಚಟಚಟ ಸಿಡಿದು ದಟ್ಟ ಹೊಗೆ ಏಳುತ್ತಿತ್ತು. ಕೂಡಲೇ ತೂತಿನ ಮಡಕೆ ಬೋರಲು ಹಾಕಿ, ತೂತಿಗೆ ಪರಂಗಿ ಎಲೆಯ ತೊಟ್ಟು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನೋಯುವ ಹಲ್ಲಿಗೆ ಹಿಡಿಸುತ್ತಿದ್ದಳು. ಬಂದವರು ಕಣ್ಣು ಮುಚ್ಚಿಕೊಂಡು, ಜೊಲ್ಲು ಸುರಿಸಿಕೊಂಡು, ಕೆಮ್ಮಿ ಕೆಮ್ಮಿ ಹೊಗೆ ಕುಡಿಯುತ್ತಿದ್ದರು. ಆಮೇಲೆ ಮಡಕೆ ಎತ್ತಿದರೆ ನೀರಿನಲ್ಲಿ ಬೆಳ್ಳಗೆ ಸಣ್ಣ ಸಣ್ಣ ಹುಳ! ಅದನ್ನು ಕಣ್ಣಾರೆ ಕಂಡವರಿಗೆ ಅರ್ಧ ನೋವು ಅಲ್ಲೇ ಇಳಿದು ಹೋಗುತ್ತಿತ್ತು.

ಕಟ್ಟುನಿಟ್ಟೂ ಇತ್ತು. ಮೂರು ದಿನ ಹಲ್ಲು ಉಜ್ಜಬಾರದು. ಹಲ್ಲಿಗೆ ಕಬ್ಬಿಣ ಮುಟ್ಟಿಸಬಾರದು, ಅಂದರೆ ಆಸ್ಪತ್ರೆಗೆ ಹೋಗಿ ಕೀಳಿಸಬಾರದು. ಮೇಲಿನ ಹಲ್ಲಂತೂ ಸುತರಾಂ ಕೂಡದು, ಅದರ ನರ ಕಣ್ಣಿಗೆ ಹೋಗುತ್ತದೆ, ಕಿತ್ತರೆ ಕಣ್ಣೇ ಹೋಗುತ್ತದೆ. ಇದನ್ನು ಮಾರಕ್ಕ ಬಂದವರಿಗೆಲ್ಲ ಮಂತ್ರದ ಹಾಗೆ ಹೇಳಿ ಕಳಿಸುತ್ತಿದ್ದಳು. ಹತ್ತಾರು ಹಳ್ಳಿಗೆ ಆ ಮಾತು ಹಬ್ಬಿದ್ದು ಅವಳ ಬಾಯಿಂದಲೇ.

ದುಡ್ಡು ಮುಟ್ಟಿದರೆ ಕೈಗುಣ ಹೋಗುತ್ತದೆಂದು ಅವಳು ವೀಳ್ಯದೆಲೆ ಬಿಟ್ಟು ಬೇರೇನೂ ತೆಗೆದುಕೊಳ್ಳುತ್ತಿರಲಿಲ್ಲ. ಆಹಾ, ಎಂಥ ತ್ಯಾಗ ಅಂದುಕೊಳ್ಳಬೇಡಿ. ಅವಳಿಗೆ ಸಿಗುತ್ತಿದ್ದದ್ದು ದುಡ್ಡಿಗಿಂತ ದೊಡ್ಡದು. ವಾರದ ಐದು ದಿನ ಕಂಡವರ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವ, ಯಾರೂ ಮೂಸಿ ನೋಡದ ಮುಂಡೆ ಅವಳು. ಉಳಿದ ಎರಡು ದಿನ ಅದೇ ತೋಟದ ಯಜಮಾನ ರಾಮಕೃಷ್ಣಪ್ಪ ಅವಳ ಮುಂದೆ ನೆಲದ ಮೇಲೆ ಕೂತು ಬಾಯಿ ಕಳೆಯುತ್ತಿದ್ದ. ತನ್ನನ್ನು ಬೈದ ಆ ಬಾಯಿಯೊಳಗೆ ಮಾರಕ್ಕ ಬೆರಳಿಟ್ಟು, 'ಇನ್ನೂ ಅಗಲ' ಎಂದು ಗದರುತ್ತಿದ್ದಳು.

ಇದ್ದವಳು ಒಬ್ಬಳೇ ಮಗಳು, ಬೈರಮ್ಮ. ಮಾರಕ್ಕನ ಜೀವವೆಲ್ಲ ಅವಳಲ್ಲೇ ಇತ್ತು. ಹೆಸರಘಟ್ಟದ ಚಿಕ್ಕಬೈರಪ್ಪನಿಗೆ ಕೊಟ್ಟು ಮದುವೆ ಮಾಡಿದ ಮೇಲೂ ಮಗಳು ತಿಂಗಳಿಗೊಮ್ಮೆ ಬಂದು ಅವ್ವನ ಕೈಯ ಮುದ್ದೆ ಉಂಡು ಹೋಗದಿದ್ದರೆ ಇಬ್ಬರಿಗೂ ಸಮಾಧಾನವಿರುತ್ತಿರಲಿಲ್ಲ.

ಎಪ್ಪತ್ತೈದರಲ್ಲಿ ಯಲಹಂಕದ ಹಳೇ ಪೇಟೆಯ ಬದರುನ್ನೀಸಾ ಬಂದು ಮಾರಕ್ಕನ ತಲೆಯೊಳಗೆ ಹುಳ ಬಿಟ್ಟು ಹೋದಳು. ಬೀಡಿ ಕಟ್ಟುವ ಹೆಂಗಸು, ಬಾಯಿ ಜೋರು. ಎಂಟು ಸಲ ಹುಳ ತೆಗೆಸಿದ್ದಳು. ಒಂಬತ್ತನೇ ಸಲ ನೋವಿಲ್ಲದೆ, ನಗುನಗುತ್ತ ಬಂದಳು.

"ಮಾರಕ್ಕಾ, ಆಸ್ಪತ್ರೆಗೆ ಹೋಗಿ ಕಿತ್ತಿಸ್ಬುಟ್ಟೆ. ಮೇಲಿನ ಹಲ್ಲೇ! ನೋಡು, ಎರಡೂ ಕಣ್ಣು ಐತೆ. ಹಲ್ಲು ಒಡೆದು ತೋರ್ಸಿದ್ರು ಡಾಕ್ಟ್ರು, ಒಳಗೆ ಒಂದು ಹುಳಾನೂ ಇಲ್ಲ. ಎಂಟು ಸಲ ತಟ್ಟೆಗೆ ಬಿತ್ತಲ್ಲ, ಅದು ಎಲ್ಲಿಂದ ಬಂತು?"

"ನಿನ್ ಬಾಯಿಂದ್ಲೇ ಬಂತು!"

"ಹಂಗಾದ್ರೆ ಬಾಯಿ ಇಲ್ದೆ ಒಂದು ಸಲ ಮಾಡಿ ನೋಡು, ಅಕ್ಕಾ. ಬರ್ದಿದ್ರೆ ನಾನೇ ಬಂದು ಕಾಲಿಗೆ ಬೀಳ್ತೀನಿ."

ಮಾರಕ್ಕ ಅವಳನ್ನು ಬಾಯಿಗೆ ಬಂದಂತೆ ಬೈದು ಅಟ್ಟಿದಳು. ಮಾರನೇ ಮಧ್ಯಾಹ್ನ ಬಾಗಿಲು ಹಾಕಿಕೊಂಡು, ತಟ್ಟೆಗೆ ಹೊಸ ನೀರು ಹಾಕಿ, ಒಬ್ಬಳೇ ಕೂತು ಬೀಜ ಉದುರಿಸಿದಳು. ತೊಟ್ಟಿನ ಹೊಗೆ ಸುಮ್ಮನೆ ಸೂರಿಗೆ ಹೋಯಿತು. ಮಡಕೆ ಎತ್ತಿದರೆ ನೀರಿನಲ್ಲಿ ಹನ್ನೊಂದು ಹುಳ. ಒಂದನ್ನು ಉಗುರಿನ ಮೇಲೆ ತೆಗೆದುಕೊಂಡು ಹಿಚುಕಿದಳು. ಬೀಜ ಸಿಡಿದಾಗ ಹೊರಗೆ ಹಾರಿದ ಮೊಳಕೆ ಅದು. ಅದಕ್ಕೆ ಜೀವವೂ ಇರಲಿಲ್ಲ, ಬಾಯೂ ಇರಲಿಲ್ಲ.

ಅವತ್ತೇ ನಿಲ್ಲಿಸಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ನಿಲ್ಲಿಸಲಿಲ್ಲ ಮಹಾರಾಯ್ತಿ! ಭಾನುವಾರ ಬಂತು, ಜಗುಲಿಯ ಮುಂದೆ ಸಾಲು ಕೂತಿತು, 'ಬಾ ಮಾರಕ್ಕಾ, ನೀನೇ ಕಾಪಾಡ್ಬೇಕು' ಎಂದು ರಾಮಕೃಷ್ಣಪ್ಪ ಕೈಮುಗಿದ. ಆ ಕೈಮುಗಿತ ಬಿಟ್ಟುಕೊಡಲು ಅವಳಿಗೆ ಮನಸ್ಸಾಗಲಿಲ್ಲ. ಒಂದಿಡೀ ವರ್ಷ, ಗೊತ್ತಿದ್ದೂ ಗೊತ್ತಿದ್ದೂ, ಕೊಳೆತ ಹಲ್ಲಿಗೆ ಹೊಗೆ ಹಿಡಿದು ಜನರ ಕಣ್ಣಿಗೆ ಮಣ್ಣೆರಚಿದಳು.

ಎಪ್ಪತ್ತಾರರ ಬೇಸಿಗೆಯ ಒಂದು ಗುರುವಾರ ಆ ಸಾಲಿನಲ್ಲಿ ಬೈರಮ್ಮ ಬಂದು ಕೂತಳು. ಐದು ತಿಂಗಳ ಬಸುರಿ. ಜೊತೆಗೆ ಗಂಡ ಚಿಕ್ಕಬೈರಪ್ಪ, ಅತ್ತೆ ಮುನಿನಾರಾಯಣಮ್ಮ. ಬೈರಮ್ಮನ ಎಡಗೆನ್ನೆ ಬನ್ನಿನಂತೆ ಊದಿತ್ತು. ಮಾರಕ್ಕ ಬಾಯಿ ತೆಗೆಸಿ ನೋಡಿದಳು. ಮೇಲಿನ ದವಡೆ ಹಲ್ಲು ಕರ್ರಗಾಗಿ, ಬುಡದಲ್ಲಿ ಕೀವು ಜಿನುಗುತ್ತಿತ್ತು. ಮೈ ಕೆಂಡದಂತೆ ಸುಡುತ್ತಿತ್ತು. ಸಾವಿರ ಬಾಯಿ ನೋಡಿದ ಹೆಂಗಸಿಗೆ ಇದು ಯಾವ ಊತವೆಂದು ಗೊತ್ತಾಗದೆ ಇರಲಿಲ್ಲ.

"ನಾನ್ ತೆಗ್ಯಾಕಿಲ್ಲ. ಈಗ್ಲೇ ಬೆಂಗ್ಳೂರಿಗೆ ಕರ್ಕೊಂಡೋಗಿ, ಕೀಳ್ಸಿ," ಎಂದಳು.

ಸಾಲಿನಲ್ಲಿದ್ದವರೆಲ್ಲ ನೋವು ಮರೆತು ತಲೆ ಎತ್ತಿದರು. ಮುನಿನಾರಾಯಣಮ್ಮ ಸೊಂಟದ ಮೇಲೆ ಕೈಯಿಟ್ಟಳು.

"ಏನಂದ್ರಿ ಬೀಗ್ತೀ? ಬಸ್ರಿ ಎಂಗ್ಸು, ಮೇಲಿನ ಅಲ್ಲು. ಕೀಳ್ಸುದ್ರೆ ಕಣ್ಣೋಯ್ತದೆ ಅಂತ ನನ್ಗೆ ಏಳಿದ್ದೇ ನೀವು! ಒಂದೊಂದು ಬಸ್ರಿಗೂ ಎಂಗಸ್ರಿಗೆ ಒಂದೊಂದು ಅಲ್ಲು ಓಗೋದೇಯಾ, ನನ್ಗೂ ನಾಕೋಯ್ತು. ನೋವಿಗೆ ಉಳ ತೆಗೀರಿ ಅಂದ್ರೆ ಆಸ್ಪತ್ರೆ ತೋರುಸ್ತೀರಲ್ಲ."

ಮಾರಕ್ಕ ಮಗಳ ರಟ್ಟೆ ಹಿಡಿದು ಒಳಕ್ಕೆ ಎಳೆದುಕೊಂಡು ಹೋದಳು. "ಉಳ ಅನ್ನೋದೇ ಇಲ್ಲ ಕಣವ್ವಾ," ಎಂದು ಪಿಸುಗುಟ್ಟಿದಳು, "ಅದು ಬೀಜದ್ದು. ನಿನ್ನಾಣೆ."

ಬೈರಮ್ಮ ಅವ್ವನನ್ನು ಪಿಳಿಪಿಳಿ ನೋಡಿದಳು. "ಚಿಕ್ಕೋಳಿದ್ದಾಗ ನಂದೇ ತೆಗ್ದಿದ್ದೆ ನೀನು, ನಾನೇ ನೋಡಿವ್ನಿ. ನನ್ ಅತ್ತೆ ಮೇಲಿನ ಸಿಟ್ಟು ನನ್ ಮೇಲ್ಯಾಕೆ ತೀರುಸ್ಕೊಂತೀಯೆ?" ಎಂದು ಅಳತೊಡಗಿದಳು. ಸೋಬಾನದ ದಿನ ಬೀಗಿತಿಯರಿಬ್ಬರಿಗೂ ಸೀರೆಯ ವಿಷಯಕ್ಕೆ ಜಗಳವಾಗಿದ್ದು ನಿಜ. ಅದನ್ನೇ ಮಗಳು ಹಿಡಿದುಕೊಂಡಳು.

ಆಗ ಮಾರಕ್ಕ ಜನ್ಮದಲ್ಲೇ ಮಾಡದ ಕೆಲಸ ಮಾಡಿದಳು. ತಟ್ಟೆಯನ್ನು ಅಂಗಳದ ನಡುವೆ ಎಲ್ಲರಿಗೂ ಕಾಣುವಂತೆ ಇಟ್ಟು, "ಎಲ್ರೂ ನೋಡ್ರಿ, ಯಾರೂ ಬಾಯಿ ಅಚ್ಬ್ಯಾಡ್ರಿ," ಎಂದು ಬೀಜ ಉದುರಿಸಿದಳು. ಹೊಗೆ ಎದ್ದಿತು. ಮಡಕೆ ಎತ್ತಿದಳು. ನೀರಿನ ಮೇಲೆ ಹುಳಗಳು ತೇಲುತ್ತಿದ್ದವು.

"ನೋಡುದ್ರಾ? ಬಾಯೇ ಇಲ್ದೆ ಬಂತು. ಎಲ್ಲಾ ಸುಳ್ಳು. ಇಷ್ಟು ದಿನ ನಿಮ್ಗೆ ಮೋಸ ಮಾಡ್ದೆ!"

ಸಾಲಿನಲ್ಲಿದ್ದ ಮುದುಕ ಬ್ಯಾಟರಾಯಪ್ಪ ಎದ್ದು ನಿಂತು ಎರಡೂ ಕೈ ಜೋಡಿಸಿದ. "ಅಬ್ಬಬ್ಬಾ! ಬಾಯೇ ಇಲ್ದೆ ಉಳ ಬರುಸ್ತಾಳಲ್ರಪ್ಪೋ! ಕುಂತ ಜಾಗ್ದಲ್ಲೇ ನಮ್ ಉಳ ಎಳ್ಕೊಂಬುಟ್ಲು! ನನ್ ನೋವು ಆಗ್ಲೇ ಇಳೀತು." ಇನ್ನಿಬ್ಬರು ತಮಗೂ ಇಳಿಯಿತೆಂದರು. ಒಬ್ಬಳು ಮಾರಕ್ಕನ ಕಾಲಿಗೇ ಬಿದ್ದಳು. ಇಂಥ ಜನಕ್ಕೆ ಏನು ಹೇಳುತ್ತೀರಿ? ತಲೆ ಚಚ್ಚಿಕೊಳ್ಳಬೇಕು. ಮಾರಕ್ಕ ನಿಜಕ್ಕೂ ಚಚ್ಚಿಕೊಂಡಳು, ಅದನ್ನೂ ಮೈಮೇಲೆ ದೇವರು ಬಂದದ್ದೆಂದೇ ತಿಳಿದರು.

"ಇಷ್ಟು ಸಗ್ತಿ ಇಟ್ಕೊಂಡು ಎತ್ತ ಮಗಳಿಗೆ ಮಾಡಾಕಿಲ್ಲ ಅಂತಾಳಲ್ಲ, ಇವ್ಳೂ ತಾಯೇನಾ!" ಎಂದು ಮುನಿನಾರಾಯಣಮ್ಮ ನೆಲಕ್ಕೆ ಉಗಿದು, ಸೊಸೆಯನ್ನು ಎಬ್ಬಿಸಿಕೊಂಡು ಹೊರಟಳು. ಮಾರಕ್ಕ ಬಸ್‌ಸ್ಟಾಪಿನವರೆಗೂ ಹಿಂದೆ ಓಡಿದಳು. ಅಳಿಯನ ಕೈ ಹಿಡಿದುಕೊಂಡು, "ಆಸ್ಪತ್ರೆಗೆ ಓಗಪ್ಪಾ, ನಿನ್ ದಮ್ಮಯ್ಯ," ಎಂದಳು. ಅವನು ತಾಯಿಯ ಮುಖ ನೋಡಿದ. ತಾಯಿ ಹೆಸರಘಟ್ಟದ ಬಸ್ಸು ಹತ್ತಿದಳು. ಅವನೂ ಹತ್ತಿದ.

ನಾಲ್ಕು ದಿನ ಬೈರಮ್ಮನ ಕೆನ್ನೆಗೆ ಬಿಸಿ ಉಪ್ಪಿನ ಶಾಖ ಕೊಟ್ಟರು. ಹಲ್ಲಿನ ಸಂದಿಗೆ ಹೊಗೆಸೊಪ್ಪು ತುರುಕಿದರು. ಬಾಯಿಗೆ ನೀರು ಹಾಕಿ ಮುಕ್ಕಳಿಸಿದರೆ ನಂಜಾಗುತ್ತದೆಂದು ನೀರನ್ನೂ ತಪ್ಪಿಸಿದರು. ಶಾಖ ಕೊಟ್ಟಷ್ಟೂ ಊತ ಮೇಲೇರಿತು. ಭಾನುವಾರ ಕಣ್ಣು ಮುಚ್ಚಿಹೋಯಿತು. ಸೋಮವಾರ ಅವಳು ಹೊರಳಾಡಿ ಕಿರುಚುವುದನ್ನು ನೋಡಲಾರದೆ ಚಿಕ್ಕಬೈರಪ್ಪ ಹಾಲಿನ ವ್ಯಾನಿನಲ್ಲಿ ಹಾಕಿಕೊಂಡು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಓಡಿದ. ಅಲ್ಲಿ ಅವತ್ತೇ ಹಲ್ಲು ಕಿತ್ತು ಕೀವು ತೆಗೆದರು. ಬುಧವಾರ ಎಡಗಣ್ಣು ತೆಗೆದರು.

"ಕೀವು ಹಲ್ಲಿಂದ ಕಣ್ಣಿಗೆ ಏರ್ಬಿಟ್ಟಿದೆ. ಗುರುವಾರವೇ ಕರ್ಕೊಂಡು ಬಂದು ಹಲ್ಲು ಕೀಳಿಸಿದ್ರೆ ಕಣ್ಣು ಉಳೀತಿತ್ತು ಕಣ್ರೀ," ಎಂದರು ಡಾಕ್ಟರು. ಚಿಕ್ಕಬೈರಪ್ಪ ತಲೆಯಾಡಿಸಿ ಕೇಳಿಸಿಕೊಂಡ. ಊರಿಗೆ ಬರುವಷ್ಟರಲ್ಲಿ ಅವನ ತಾಯಿ ಅದನ್ನು ತನಗೆ ಬೇಕಾದ ಹಾಗೆ ಕೂಡಿಸಿಟ್ಟಿದ್ದಳು. ಸೋಮವಾರ ಹಲ್ಲು ಕಿತ್ತರು, ಬುಧವಾರ ಕಣ್ಣು ಹೋಯಿತು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆಂದು ಇನ್ನೇನು ಸಾಕ್ಷಿ ಬೇಕು? ಆಸ್ಪತ್ರೆಗೆ ಹೋಗಿ ಎಂದು ಬಾಯಿ ಬಡಿದುಕೊಂಡವಳು ಯಾರು? ಹುಳ ತೆಗೆಯುವ ವಿದ್ಯೆ ಗೊತ್ತಿದ್ದೂ ತೆಗೆಯದೆ ಕಳಿಸಿದವಳು ಯಾರು?

ಹತ್ತಾರು ಹಳ್ಳಿಯಲ್ಲಿ ಇನ್ನು ಯಾರೂ ಮೇಲಿನ ಹಲ್ಲು ಕೀಳಿಸುವ ಮಾತೆತ್ತಲಿಲ್ಲ. ಬೈರಮ್ಮನ ಮುಖವೇ ಸಾಕ್ಷಿಯಾಗಿತ್ತು. ಹೆಣ್ಣು ಮಗು ಹುಟ್ಟಿತು, ಪಿಳ್ಳಮ್ಮ ಎಂದು ಹೆಸರಿಟ್ಟರು. ಮಾರಕ್ಕ ಬಾಣಂತನಕ್ಕೆಂದು ಎಣ್ಣೆ, ಬೆಲ್ಲ ಹೊತ್ತುಕೊಂಡು ಹೆಸರಘಟ್ಟಕ್ಕೆ ಹೋದಳು. ಬೈರಮ್ಮ ಇದ್ದ ಒಂದು ಕಣ್ಣನ್ನೂ ಗೋಡೆಯ ಕಡೆ ತಿರುಗಿಸಿ ಮಲಗಿದಳು. 'ಊರೋರ್ ಮಕ್ಳಿಗೆಲ್ಲ ತೆಗ್ದೋಳು, ನನ್ಗೆ ತೆಗೀಲಿಲ್ಲ' ಎಂದು ಅತ್ತೆಯ ಹತ್ತಿರ ಹೇಳಿ ಕಳಿಸಿದಳೇ ಹೊರತು ಅವ್ವನ ಜೊತೆ ಮಾತಾಡಲಿಲ್ಲ. ಗಂಡ ಸಿಟ್ಟು ಬಂದಾಗಲೆಲ್ಲ ಅವಳನ್ನು ಒಕ್ಕಣ್ಣಿ ಎನ್ನುತ್ತಿದ್ದ. ಅದರ ಪಾಪವೂ ಮಾರಕ್ಕನ ಲೆಕ್ಕಕ್ಕೇ ಬಿತ್ತು.

ಮಾರಕ್ಕ ಮಡಕೆ ಒಡೆದು ಕೆರೆಗೆ ಎಸೆದಳು. ಸಾಲು ಕೂತವರನ್ನು ಪೊರಕೆ ತೋರಿಸಿ ಓಡಿಸಿದಳು. ಜನ ಬೇಡಿದರು, ಬೈದರು, ಶಾಪ ಹಾಕಿದರು, ಕೊನೆಗೆ ಬರುವುದನ್ನೇ ಬಿಟ್ಟರು. ರಾಮಕೃಷ್ಣಪ್ಪ ತೋಟದ ಕೆಲಸದಿಂದಲೂ ಬಿಡಿಸಿದ. ಎಂಟು ವರ್ಷ ಅವಳು ಯಾರಿಗೂ ಬೇಡದವಳಾಗಿ, ಒಂದು ಹಬ್ಬಕ್ಕೂ ಮಗಳು ಬಾರದ ಮನೆಯಲ್ಲಿ, ಇದ್ದಳು. ಸುಳ್ಳು ಹೇಳಿದಷ್ಟು ದಿನ ಮಗಳಿದ್ದಳು, ನಿಜ ಹೇಳಿದ ದಿನ ಹೋದಳು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ದಿನಾ ಅದನ್ನೇ ಮೆಲುಕು ಹಾಕುತ್ತಿದ್ದಳು.

ಎಂಬತ್ತನಾಲ್ಕರ ಒಂದು ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದಾಗ ಬೈರಮ್ಮ ಬಾಗಿಲಲ್ಲಿ ನಿಂತಿದ್ದಳು. ಸೆರಗು ಹಿಡಿದುಕೊಂಡು ಎಂಟು ವರ್ಷದ ಪಿಳ್ಳಮ್ಮ. ಹುಡುಗಿಯ ಎಡಗೆನ್ನೆ ಊದಿತ್ತು.

"ಇಸ್ಕೂಲಿಗೆ ಡಾಕ್ಟ್ರು ಬಂದು ಚೀಟಿ ಕೊಟ್ಟವ್ರೆ, ಮೇಲಿನ ಅಲ್ಲು ಕೀಳ್ಬೇಕಂತೆ. ಚೀಟೀನ ಅರ್ದಾಕ್ದೆ," ಎಂದಳು ಬೈರಮ್ಮ. "ಆಲಲ್ಲು, ಬಿದ್ದೋಗ್ತದೆ ಅಂತಾರೆ ನಮ್ಮತ್ತೆ. ನೋವು ತಡೀನಾರ್ದು ಮಗೀಗೆ. ನನ್ಗಂತೂ ಮಾಡ್ಲಿಲ್ಲ ನೀನು. ಇವ್ಳಿಗಾದ್ರೂ ಉಳ ತೆಗ್ಯವ್ವಾ."

ಅವ್ವಾ! ಎಂಟು ವರ್ಷದ ಮೇಲೆ ಕಿವಿಗೆ ಬಿದ್ದ ಮಾತು. ಮಾರಕ್ಕ ಮೊಮ್ಮಗಳ ಬಾಯಿ ತೆಗೆಸಿ ನೋಡಿದಳು. ಹಾಲುಹಲ್ಲಲ್ಲ ಅದು, ಹೊಸದಾಗಿ ಬಂದ ದವಡೆ ಹಲ್ಲು, ಬುಡದಲ್ಲಿ ಅದೇ ಕೀವು. ಹೇಳಬೇಕೆಂದು ಬಾಯಿ ತೆರೆದಳು. ಎದುರಿಗೆ ಮಗಳ ಆ ಒಂದು ಕಣ್ಣು ಅವಳನ್ನೇ ನೋಡುತ್ತಿತ್ತು. ಈ ಸಲ 'ಇಲ್ಲ' ಎಂದರೆ ಇನ್ನು ಹೆಣ ನೋಡಲೂ ಬರುವುದಿಲ್ಲ ಎಂದು ಆ ಕಣ್ಣಿನಲ್ಲೇ ಇತ್ತು.

"ಕುಂತ್ಕೊ, ಬಂದೆ," ಎಂದಳು ಮಾರಕ್ಕ. ಕೆರೆ ಏರಿಗೆ ಹೋಗಿ ಒಣಗಿದ ನೆಲಗುಳ್ಳದ ಕಾಯಿ ಮಡಿಲು ತುಂಬ ಕಿತ್ತು ತಂದಳು. ಬೇರೆ ಮಡಕೆಗೆ ತೂತು ಕೊರೆದಳು. ಕೆಂಡ ಮಾಡಿ, ಕಬ್ಬಿಣ ಕಾಯಿಸಿ, ಬೀಜ ಉದುರಿಸಿದಳು. ಪಿಳ್ಳಮ್ಮ ಕೆಮ್ಮಿ ಕೆಮ್ಮಿ, ಅಳುತ್ತ ಹೊಗೆ ಕುಡಿದಳು. ಮಡಕೆ ಎತ್ತಿದ್ದೇ ಬೈರಮ್ಮ ತಟ್ಟೆಯ ಮೇಲೆ ಬಗ್ಗಿ, "ಅಯ್ಯಪ್ಪಾ, ಎಷ್ಟೊಂದು ಉಳ ಇತ್ತವ್ವಾ!" ಎಂದು ತಾಯಿಯನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು.

"ಇನ್ನೂ ನೋಯ್ತೈತೆ," ಎಂದಿತು ಮಗು.

"ಸುಮ್ಕಿರು, ಉಳ ಓಯ್ತಲ್ಲ. ಇನ್ ಮೂರ್ ದಿನ ಅಲ್ಲು ಉಜ್ಬೇಡ," ಎಂದಳು ಬೈರಮ್ಮ.

ಅವತ್ತು ಬೈರಮ್ಮ ಅವ್ವನ ಮನೆಯಲ್ಲಿ ಕೂತು ಹೊಟ್ಟೆ ತುಂಬ ಉಂಡಳು. ಎಂಟು ವರ್ಷದ ಮಾತನ್ನೆಲ್ಲ ಆಡಿದಳು, ನಕ್ಕಳು ಕೂಡ. ಪಿಳ್ಳಮ್ಮ ಬಾಯಿ ತೆರೆಯಲಾರದೆ ಮೂಲೆಯಲ್ಲಿ ಮಲಗಿದ್ದಳು, ಊತ ಆಗಲೇ ಕಣ್ಣಿನ ಕೆಳಗೆ ಬಂದು ನಿಂತಿತ್ತು. ಮಾರಕ್ಕ ಅದನ್ನು ನೋಡಿದಳು. ನೋಡಿ, ಮಗಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.