ಹೆಸರು ಬರೆಯದ ಸೌಟು

ಅಪ್ಪನ ಉಳಿ ಪೆಟ್ಟಿಗೆ ತೆರೆದಾಗ ಮೊದಲು ಬಂದದ್ದು ಕೊಬ್ಬರಿ ಎಣ್ಣೆ ಮತ್ತು ಮರದ ಹೊಟ್ಟಿನ ವಾಸನೆ. ಅವರು ಹೋಗಿ ಮೂರು ತಿಂಗಳಾಗಿತ್ತು. ತಳದಲ್ಲಿ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ಸೌಟು. ನನಗೆಂದೇ ಕೆತ್ತುತ್ತಿದ್ದದ್ದು, ಇನ್ನೂ ನುಣುಪು ಮಾಡಿರಲಿಲ್ಲ. ಅದರಲ್ಲಿ ಒಂದೇ ಒಂದು ಸಲ ಅಡುಗೆ ಮಾಡಬೇಕು ಅನ್ನಿಸಿತು. ಆದರೆ ಹಿಡಿಯ ಮೇಲೆ ಮರದ ಹೆಸರಿರಲಿಲ್ಲ. ಹೆಸರಿಲ್ಲದ ಸೌಟನ್ನು ಅಪ್ಪ ಎಂದೂ ಅಡುಗೆಮನೆಗೆ ಬಿಟ್ಟವರಲ್ಲ.

ನಾನು ಚಿಕ್ಕವಳಿದ್ದಾಗ ನಾವು ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ಆ ಜಾಗದಲ್ಲಿ ಈಗ ಬಟ್ಟೆ ಅಂಗಡಿಯಿದೆ. ಅಪ್ಪ ವಾರವೆಲ್ಲ ಗುಮಾಸ್ತರು, ಭಾನುವಾರ ಮಾತ್ರ ಬಡಗಿ. ನಲ್ಲಿಯ ಪಕ್ಕದ ಜಗಲಿಯಲ್ಲಿ ಕೂತು ಎಲ್ಲ ಮನೆಗೂ ಸೌಟು, ಮುದ್ದೆ ಕೋಲು ಕೆತ್ತಿಕೊಡುತ್ತಿದ್ದರು. ಹಲಸು, ಮಾವು, ಹುಣಸೆಯಾದರೆ ಸರಿ. ಬೇವು ಪಲ್ಯಕ್ಕೆ ಸಾಕು, ಪಾಯಸಕ್ಕೆ ಬೇಡ. ಮರ ಎಲ್ಲಿಯದು, ಬಣ್ಣ ಬಳಿದಿದ್ದರೋ, ಗೆದ್ದಲಿಗೆ ಔಷಧಿ ಹೊಡೆದಿದ್ದರೋ, ಎಲ್ಲ ಕೇಳುತ್ತಿದ್ದರು. ಕೆತ್ತಿದ ಮೇಲೆ ನೀರಲ್ಲಿ ನೆನೆಹಾಕಿ, ನೀರು ತಿಳಿಯಾಗುವ ತನಕ ದಿನಾ ಬದಲಾಯಿಸಿ, ಕೊನೆಗೆ ಬಿಸಿ ಹಾಲಲ್ಲಿ ತಿರುವಿ, ಆ ಹಾಲನ್ನು ಮೊದಲು ತಾವೇ ಕುಡಿಯುತ್ತಿದ್ದರು. ಆಮೇಲೆಯೇ ಕಾದ ಮೊಳೆಯಿಂದ ಹಿಡಿಯ ಮೇಲೆ ಮರದ ಹೆಸರು ಬರೆಯುವುದು. “ಏನ್ ರಾಯರೇ, ಒಂದು ಸೌಟಿಗೆ ಹೆಣ್ಣು ನೋಡೋ ಹಾಗೆ ಕುಲ ಗೋತ್ರ ವಿಚಾರಿಸ್ತೀರಲ್ಲ!” ಎಂದು ಎದುರುಮನೆ ಪದ್ಮಮ್ಮ ರೇಗಿಸುತ್ತಿದ್ದರು. “ಬಾಯಿಗೆ ಹೋಗೋದಲ್ವೇನಮ್ಮ,” ಎಂದು ಅಪ್ಪ ತಲೆ ಎತ್ತದೆ ನಗುತ್ತಿದ್ದರು.

ನನಗೆ ಎಂಟು ವರ್ಷವಿದ್ದಾಗ ಬೀದಿಯಲ್ಲಿ ಕಡಿದು ಹಾಕಿದ್ದ ಒಂದು ಕೊಂಬೆಯನ್ನು ಸಂಭ್ರಮದಿಂದ ಎಳೆದು ತಂದಿದ್ದೆ. “ಎಷ್ಟು ನೇರ ಇದೆ ನೋಡಪ್ಪ!” ಅಪ್ಪ ಎಲೆ ನೋಡಿದವರೇ ಕೊಂಬೆ ಕಿತ್ತುಕೊಂಡರು. “ಕಣಗಿಲೆ ಪುಟ್ಟಿ. ಹೂವು ದೇವರಿಗೆ, ಕಡ್ಡಿ ವಿಷ. ಸೋಪ್ ಹಾಕಿ ಕೈ ತೊಳ್ಕೊ, ಓಡು.” ನಾನು ಅತ್ತುಬಿಟ್ಟೆ. ಅವರೇ ಬಂದು ಮತ್ತೊಮ್ಮೆ ನನ್ನ ಕೈ ತೊಳೆದರು, ಬೆರಳು ಬೆರಳು ಬಿಡಿಸಿ.

ಪೆಟ್ಟಿಗೆಯಲ್ಲಿ ಸಿಕ್ಕ ಆ ಸೌಟನ್ನು ಶ್ರೀರಾಂಪುರದ ಬಡಗಿ ಮುನಿಯಪ್ಪನವರ ಹತ್ತಿರ ಒಯ್ದೆ. ಅವರು ಕೆರೆದರು, ಮೂಸಿದರು, ಬಿಸಿಲಿಗೆ ಹಿಡಿದು ನೋಡಿದರು. “ಗೊತ್ತಾಗ್ತಿಲ್ಲಮ್ಮ. ಮಾವು ಅಂತ ಹೇಳಿ ಕಳಿಸ್ಬಹುದು, ನಿಮಗೂ ಸಮಾಧಾನ. ಆದ್ರೆ ತಿನ್ನೋ ವಿಷಯ.” ಅಪ್ಪನೇ ಮಾತಾಡಿದ ಹಾಗಿತ್ತು. ಮುನಿಯಪ್ಪನವರ ಹಲಸಿನ ಹಲಗೆಯ ಮೇಲೆ ಅಪ್ಪನ ಸೌಟನ್ನು ಮಲಗಿಸಿ, ಸುತ್ತಲೂ ಪೆನ್ಸಿಲಿನಲ್ಲಿ ಗೆರೆ ಎಳೆದೆ. “ಇದೇ ಅಳತೆಗೆ ಕೆತ್ತಿ ಕೊಡಿ.”

ಅಪ್ಪನ ಸೌಟು ಈಗ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ, ಒಲೆಯಿಂದ ದೂರ. ಹೊಸದನ್ನು ನೆನೆಹಾಕಿದೆ. ಮೊದಲ ದಿನ ನೀರು ಹಳದಿ, ನಾಲ್ಕನೆಯ ದಿನ ತಿಳಿ. ಐದನೆಯ ದಿನ ಬೆಳಿಗ್ಗೆ ಹಾಲು ಬಿಸಿ ಮಾಡಿ ತಿರುವಿದೆ. ಹಿಡಿಯ ಬಾಗು ನನ್ನ ಅಂಗೈಗೆ ಸರಿಯಾಗಿ ಕೂತಿತು. ಮಗಳು ಲೋಟ ಹಿಡಿದು ಕಾಯುತ್ತಿದ್ದಳು. “ತಡಿ ಪುಟ್ಟಿ,” ಎಂದು ಮೊದಲ ಗುಟುಕು ನಾನು ಕುಡಿದೆ. ಹೆಸರು ಬರೆಯುವ ಮೊಳೆ ಒಲೆಯ ಮೇಲೆ ಕಾಯುತ್ತಿತ್ತು.